ಓದುಗನ ಪ್ರಶ್ನೆಗೆ ದಾರಿ ತೋರಿದ ರಂಗನಾಥನ್

ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ಕ್ರಮಿಸಿದರೆ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದಾದ ಮಹಾಗಣಪತಿಯ ದೇವಾಲಯದಿಂದ ಹೆಸರಾದ ಈ ಊರು ಇಂದು ದೊಡ್ಡ ಕೈಗಾರಿಕಾ ವಸಾಹತಿನ ಕಾರಣದಿಂದಲೂ ಪ್ರಸಿದ್ಧ. ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯುತ್ತ ಅಲ್ಲಿಯೇ ಮನೆ ಮಾಡಿಕೊಂಡ ಒಂದು ಕನ್ನಡ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಆ ಮನೆಯ ಮಗಳು ಕಾಲೇಜಿನ ಅಂತಿಮ ವರ್ಷದ ಪ್ರಬಂಧಕ್ಕಾಗಿ ಕಾರ್ಖಾನೆಗಳ ತ್ಯಾಜ್ಯನೀರಿನ ಶುದ್ಧೀಕರಣವೆಂಬ ವಿಷಯವನ್ನು ಆರಿಸಿಕೊಂಡಿದ್ದಾಳೆ. ಪುಣೆಯ ದೊಡ್ಡ ಗ್ರಂಥಾಲಯಕ್ಕೆ ದಿನವೂ ಹೋಗಿಬರುವುದು ಆಗದ ಮಾತು. ಮನೆಯಲ್ಲೇ ಗಣಕಯಂತ್ರದ ಮುಂದೆ ಕುಳಿತು ಕಾಲೇಜು ಒದಗಿಸಿದ ದತ್ತಸಂಚಯವನ್ನು, ಅಂದರೆ ಡೇಟಾಬೇಸನ್ನು, ತೆರೆದು ಎರಡು ಪದ ಬರೆದರೆ ಸಾವಿರಾರು ಲೇಖನಗಳ ಪಟ್ಟಿ ಕಣ್ಣೆದುರು ನಿಲ್ಲುತ್ತದೆ. ಊರಿನ ಹೆಸರು ಸೇರಿಸಿದರೆ ಒಂದೂ ಸಿಗುವುದಿಲ್ಲ. ಸಾವಿರಕ್ಕೂ ಸೊನ್ನೆಗೂ ನಡುವೆ ಸಿಕ್ಕಿಕೊಂಡ ಆಕೆ, ಇದು ತನ್ನಿಂದಾಗದ ಕೆಲಸವೆಂದು ಕೈಚೆಲ್ಲುವ ಸಂಭವವೇ ಹೆಚ್ಚು.

ನಮ್ಮ ಅನೇಕ ಮನೆಗಳಲ್ಲಿ ನಡೆಯುವ ಸಂಗತಿಯಿದು. ಹೀಗೆ ಓದುಗನು ಬರಿಗೈಯಲ್ಲಿ ಹಿಂದಿರುಗಿದರೆ ತಪ್ಪು ಓದುಗನದಲ್ಲ, ಗ್ರಂಥಾಲಯದ್ದು ಎಂದು ಭಾವಿಸಿ, ಆ ತಪ್ಪನ್ನು ತಿದ್ದುವುದಕ್ಕಾಗಿಯೇ ತಮ್ಮ ಬಾಳನ್ನು ಮುಡಿಪಾಗಿಟ್ಟ ಮಹನೀಯರೊಬ್ಬರು ನಮ್ಮ ದೇಶದಲ್ಲಿದ್ದರು. ಅವರು ಭಾರತೀಯ ಗ್ರಂಥಾಲಯ ವಿಜ್ಞಾನದ ಜನಕರೆಂದು ಮಾನ್ಯರಾದ ಡಾ. ಶಿಯಾಳಿ ರಾಮಾಮೃತ ರಂಗನಾಥನ್. ಅವರ ಉದ್ಯೋಗಜೀವನದ ಮೊದಲ ವರ್ಷಗಳು ನಮ್ಮ ಮಂಗಳೂರಿನಲ್ಲಿಯೂ, ಬಾಳಿನ ಸಂಧ್ಯಾಕಾಲವು ಬೆಂಗಳೂರಿನಲ್ಲಿಯೂ ಕಳೆದವೆಂಬುದು ಕನ್ನಡಿಗರಾದ ನಮಗೆ ವಿಶೇಷ ಅಭಿಮಾನದ ಸಂಗತಿ. ಪ್ರತಿವರ್ಷ ಆಗಸ್ಟ್ 12ರಂದು ಅವರ ಜನ್ಮದಿನವನ್ನು ಗ್ರಂಥಪಾಲಕರ ದಿನವನ್ನಾಗಿ ದೇಶದಾದ್ಯಂತ ಆಚರಿಸಲಾಗುತ್ತದೆ.

ಗಣಿತದಿಂದ ಗ್ರಂಥಾಲಯಕ್ಕೆ

ರಂಗನಾಥನ್ 1892ರ ಆಗಸ್ಟ್ ತಿಂಗಳಿನಲ್ಲಿ ಅಂದಿನ ಮದರಾಸು ಪ್ರಾಂತದ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಇಂದು ಆ ಊರನ್ನು ಸೀರ್ಕಾಳಿ ಎಂದು ಕರೆಯುತ್ತಾರೆ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನಿಗೆ ಮಾತಿನಲ್ಲಿ ತೊದಲಿನ ತೊಂದರೆಯೂ ಇತ್ತು. ಆ ತೊಂದರೆಯನ್ನು ಅವರು ಛಲದಿಂದ ಹತೋಟಿಗೆ ತಂದುಕೊಂಡರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿ 1913ರಲ್ಲಿ ಬಿ.ಎ. ಪದವಿಯನ್ನೂ 1916ರಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಅಲ್ಲಿನ ಗಣಿತ ಪ್ರಾಧ್ಯಾಪಕ ಎಡ್ವರ್ಡ್ ರಾಸ್ ಅವರು ಶಿಷ್ಯನ ಮೇಲಿಟ್ಟ ಪ್ರೀತಿಯೂ ಶಿಷ್ಯನು ಗುರುವಿನ ಮೇಲಿಟ್ಟ ಭಕ್ತಿಯೂ ಕೊನೆಯವರೆಗೆ ಮಾಸಲಿಲ್ಲ.

1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರಾಗಿ ಅವರ ವೃತ್ತಿ ಆರಂಭವಾಯಿತು. ಬಳಿಕ ಕೊಯಮತ್ತೂರಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಗಣಿತ ಬೋಧಿಸಿದರು. ಪಾಠ ಹೇಳುವುದೇ ಅವರಿಗೆ ಪರಮಪ್ರಿಯವಾದ ಕಾಯಕವಾಗಿತ್ತು. ಆದರೆ ಅಂದಿನ ಅಧ್ಯಾಪಕರ ಸಂಬಳ ಅಲ್ಪವಾಗಿತ್ತು. ಮದರಾಸು ವಿಶ್ವವಿದ್ಯಾನಿಲಯವು ತನ್ನ ಮೊದಲ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಕರೆದಾಗ, ಮಿತ್ರರ ಒತ್ತಾಯಕ್ಕೆ ಮಣಿದು ಅವರೂ ಒಂದು ಅರ್ಜಿ ಹಾಕಿ ಅದನ್ನು ಮರೆತುಬಿಟ್ಟಿದ್ದರು. ಸಂದರ್ಶನಕ್ಕೆ ಕರೆ ಬಂದಾಗ ಗ್ರಂಥಾಲಯದ ಬಗ್ಗೆ ಅವರಿಗಿದ್ದ ತಿಳಿವಳಿಕೆ ಎಂದರೆ, ಆಗ ತಾನೆ ಒಂದು ಇಂಗ್ಲಿಷ್ ವಿಶ್ವಕೋಶದಲ್ಲಿ ಹುಡುಕಿ ಓದಿಕೊಂಡ ಒಂದು ಲೇಖನ ಮಾತ್ರ. ನೂರಾರು ಅರ್ಜಿದಾರರಲ್ಲಿ ಗ್ರಂಥಾಲಯದ ಶಿಕ್ಷಣ ಪಡೆದವರು ಯಾರೂ ಇರಲಿಲ್ಲ. ಸಂಶೋಧನೆಯ ಅನುಭವವಿದ್ದ ಗಣಿತಜ್ಞನಿಗೆ ಹುದ್ದೆ ಒಲಿಯಿತು. ಹೀಗೆ ಲಕ್ಷಾಂತರ ವಿದ್ಯಾರ್ಥಿಗಳಿಗೆ ಲೇಖನ ಹುಡುಕುವ ಮಾರ್ಗವನ್ನು ತೋರಲಿದ್ದವರು ತಾವೇ ಒಂದು ಲೇಖನವನ್ನು ಹುಡುಕಿ ಓದಿ ಆ ಕ್ಷೇತ್ರವನ್ನು ಪ್ರವೇಶಿಸಿದರು.

1924ರ ಜನವರಿಯಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ ಗ್ರಂಥಾಲಯದಲ್ಲಿ ಪುಸ್ತಕಗಳಿದ್ದವು, ಓದುಗರಿರಲಿಲ್ಲ. ತರಗತಿಯ ಕಲರವಕ್ಕೆ ಒಗ್ಗಿದ್ದ ಅಧ್ಯಾಪಕನಿಗೆ ಆ ನಿಶ್ಶಬ್ದ ಅಸಹನೀಯವೆನಿಸಿತು. ಕೆಲವೇ ದಿನಗಳಲ್ಲಿ ಅವರು ಹಿಂದಿನ ಕೆಲಸವನ್ನೇ ಮರಳಿ ಕೊಡಿರೆಂದು ಬೇಡಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯಗಳನ್ನು ನೋಡಿಕೊಂಡು ಬರಬೇಕು, ಆಮೇಲೂ ಮನಸ್ಸು ಒಪ್ಪದಿದ್ದರೆ ಅಧ್ಯಾಪಕ ವೃತ್ತಿಗೆ ಹಿಂದಿರುಗಬಹುದು ಎಂಬ ಒಪ್ಪಂದದ ಮೇಲೆ ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಆ ಒಂದು ಪ್ರಯಾಣ ಭಾರತದ ಗ್ರಂಥಾಲಯಗಳ ಇತಿಹಾಸವನ್ನೇ ಬದಲಿಸಿತು.

ಆಟಿಕೆಯ ಅಂಗಡಿಯಲ್ಲಿ ಹೊಳೆದ ವಿಚಾರ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಭ್ಯಾಸ ಮಾಡುತ್ತ, ಕ್ರಾಯ್ಡನ್ ನಗರದ ಮುಖ್ಯ ಗ್ರಂಥಪಾಲಕರಾಗಿದ್ದ ಬರ್ವಿಕ್ ಸೇಯರ್ಸ್ ಅವರ ಮಾರ್ಗದರ್ಶನದಲ್ಲಿ ರಂಗನಾಥನ್ ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸಂದರ್ಶಿಸಿದರು. ಕಾರ್ಮಿಕರು, ಗೃಹಿಣಿಯರು, ಮಕ್ಕಳು ಯಾವ ಅಳುಕೂ ಇಲ್ಲದೆ ಬಂದು ಓದುತ್ತಿದ್ದ ದೃಶ್ಯ ಅವರ ಕಣ್ಣು ತೆರೆಸಿತು. ಜೊತೆಗೆ, ಎಲ್ಲೆಡೆ ಬಳಕೆಯಲ್ಲಿದ್ದ ವರ್ಗೀಕರಣ ಪದ್ಧತಿಗಳ ಒಂದು ಕೊರತೆಯೂ ಗಣಿತಜ್ಞನ ಕಣ್ಣಿಗೆ ಬಿತ್ತು.

1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ರೂಪಿಸಿದ ದಶಮಾಂಶ ಪದ್ಧತಿಯಲ್ಲಿ ಜ್ಞಾನವನ್ನೆಲ್ಲ ಮೊದಲೇ ಗೂಡುಗಳನ್ನಾಗಿ ವಿಂಗಡಿಸಿ, ಪ್ರತಿ ಗೂಡಿಗೂ ಒಂದು ಸಂಖ್ಯೆ ಕೊಡಲಾಗಿತ್ತು. ಹೊಸ ವಿಷಯವೊಂದು ಹುಟ್ಟಿದರೆ ಅಥವಾ ಎರಡು ಮೂರು ವಿಷಯಗಳು ಬೆರೆತ ಬರಹವೊಂದು ಬಂದರೆ ಅದಕ್ಕೆ ಸರಿಹೊಂದುವ ಗೂಡು ಸಿಗುತ್ತಿರಲಿಲ್ಲ. ಈ ಚಿಂತೆಯಲ್ಲಿದ್ದಾಗ ಲಂಡನ್ನಿನ ಸೆಲ್ಫ್ರಿಡ್ಜಸ್ ಮಳಿಗೆಯಲ್ಲಿ ಅವರು ಮೆಕ್ಯಾನೋ ಎಂಬ ಆಟಿಕೆಯನ್ನು ಕಂಡರು. ಕೆಲವೇ ಲೋಹದ ಪಟ್ಟಿಗಳನ್ನೂ ತಿರುಪುಗಳನ್ನೂ ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಸೇತುವೆ, ಬಂಡಿ, ಯಂತ್ರ ಹೀಗೆ ಎಷ್ಟೋ ವಸ್ತುಗಳನ್ನು ಕಟ್ಟಬಹುದಾಗಿತ್ತು. ವಿಷಯಗಳನ್ನೂ ಹೀಗೆಯೇ ಬಿಡಿಭಾಗಗಳನ್ನಾಗಿ ಮಾಡಿ, ಬೇಕಾದಂತೆ ಜೋಡಿಸಿಕೊಳ್ಳಬಾರದೇಕೆ ಎಂಬ ವಿಚಾರ ಅವರಿಗೆ ಅಲ್ಲಿ ಹೊಳೆಯಿತು. ಆ ಭಾಗಗಳನ್ನು ಬೆಸೆಯುವ ತಿರುಪಾಗಿ ಅವರು ಆರಿಸಿಕೊಂಡದ್ದು ದ್ವಿಬಿಂದು ಎಂಬ ಲೇಖನ ಚಿಹ್ನೆಯನ್ನು. 1933ರಲ್ಲಿ ಪ್ರಕಟವಾದ ಅವರ ದ್ವಿಬಿಂದು ವರ್ಗೀಕರಣ ಪದ್ಧತಿಯ ಮೂಲ ಇದು.

1925ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಹಳೆಯ ಕೆಲಸದ ಮಾತನ್ನು ಅವರು ಎತ್ತಲೇ ಇಲ್ಲ. ಮದರಾಸಿನ ಗ್ರಂಥಾಲಯದಲ್ಲಿ ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು. ಬಂದವರ ಪ್ರಶ್ನೆಯನ್ನು ಕೇಳಿ ತಿಳಿದು ಪುಸ್ತಕ ಹುಡುಕಿಕೊಡುವುದಕ್ಕಾಗಿಯೇ ಸಿಬ್ಬಂದಿಯನ್ನು ನೇಮಿಸಿದರು. ಸುಮಾರು ಎರಡು ದಶಕಗಳ ಕಾಲ ರಜೆಯನ್ನೇ ತೆಗೆದುಕೊಳ್ಳದೆ ದುಡಿದರೆಂದು ಅವರ ಜೀವನಚರಿತ್ರಕಾರರು ಬರೆದಿದ್ದಾರೆ. 1928ರಲ್ಲಿ ಅವರ ಮೊದಲ ಪತ್ನಿ ರುಕ್ಮಿಣಿ ತೀರಿಕೊಂಡರು. ಅದೇ ವರ್ಷ ಮದರಾಸು ಗ್ರಂಥಾಲಯ ಸಂಘ ಸ್ಥಾಪನೆಯಾಯಿತು. ಮರುವರ್ಷ ಗ್ರಂಥಪಾಲಕರ ತರಬೇತಿ ಆರಂಭವಾಯಿತು. ದುಃಖವನ್ನು ದುಡಿಮೆಯಲ್ಲಿ ಮರೆತ ವರ್ಷಗಳವು.

1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ವಿವರಿಸುವ ಅವರ ಸುಪ್ರಸಿದ್ಧ ಕೃತಿ ಪ್ರಕಟವಾಯಿತು. ಅದರ ಸಾರ ಇಷ್ಟೆ: ಗ್ರಂಥ ಬೀಗದೊಳಗೆ ಇಡುವ ಒಡವೆಯಲ್ಲ; ಬಂದ ಪ್ರತಿಯೊಬ್ಬನಿಗೂ ಅವನಿಗೆ ತಕ್ಕ ಬರಹ ಸಿಗಬೇಕು; ಬರೆದಿಟ್ಟ ಪ್ರತಿಯೊಂದೂ ತನಗೆ ತಕ್ಕ ಓದುಗನನ್ನು ತಲುಪಬೇಕು; ಓದುಗನ ವೇಳೆ ವ್ಯರ್ಥವಾಗಬಾರದು; ಗ್ರಂಥಾಲಯವು ಸದಾ ಬೆಳೆಯುವ ಜೀವಿಯಂತೆ ಎಂಬುದನ್ನು ಮರೆಯಬಾರದು. ಅದೇ ವರ್ಷ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಒಯ್ಯುವ ಸಂಚಾರಿ ಗ್ರಂಥಾಲಯವೂ ಹೊರಟಿತು. ಊರಿಗೆ ಗ್ರಂಥಾಲಯ ದೂರವಾದರೆ ಗ್ರಂಥಾಲಯವೇ ಊರಿಗೆ ಹೋಗಬೇಕೆಂಬ ಆಶಯ ಅಂದೇ ಕಾರ್ಯರೂಪಕ್ಕೆ ಬಂದಿತ್ತು.

ಪುಸ್ತಕದಿಂದ ಲೇಖನದ ಕಡೆಗೆ

1945ರಲ್ಲಿ ರಂಗನಾಥನ್ ಮದರಾಸನ್ನು ಬಿಟ್ಟರು. ಇಪ್ಪತ್ತು ವರ್ಷ ಕಟ್ಟಿ ಬೆಳೆಸಿದ ಸಂಸ್ಥೆಯಿಂದ ಹೊರಡುವಾಗ ಅವರ ಮನಸ್ಸು ನೊಂದಿತ್ತು. ಹೊಸ ಆಡಳಿತದೊಡನೆ ಅವರಿಗೆ ಹೊಂದಾಣಿಕೆಯಾಗಿರಲಿಲ್ಲ. ಆಗ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ರಂಗನಾಥನ್‌ರನ್ನು ಆಹ್ವಾನಿಸಿದರು. ಅಲ್ಲಿನ ಸುಮಾರು ಒಂದು ಲಕ್ಷ ಗ್ರಂಥಗಳನ್ನು ಅವರು ಹೆಚ್ಚುಕಡಿಮೆ ಒಬ್ಬರೇ ಕುಳಿತು ವರ್ಗೀಕರಿಸಿದರೆಂದು ಹೇಳುತ್ತಾರೆ. 1947ರಿಂದ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ ಗ್ರಂಥಾಲಯ ವಿಜ್ಞಾನದ ಉನ್ನತ ಶಿಕ್ಷಣಕ್ಕೆ ತಳಹದಿ ಹಾಕಿದರು. 1948ರಲ್ಲಿ ಮದರಾಸು ಪ್ರಾಂತದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಜಾರಿಗೆ ಬಂದದ್ದು ಅವರ ದೀರ್ಘಕಾಲದ ಪ್ರಯತ್ನದ ಫಲ.

ಈ ಹೊತ್ತಿಗೆ ವಿಜ್ಞಾನದ ಜಗತ್ತು ಬದಲಾಗಿತ್ತು. ಹೊಸ ಸಂಶೋಧನೆಗಳು ಮೊದಲು ಬೆಳಕು ಕಾಣುತ್ತಿದ್ದುದು ಪುಸ್ತಕಗಳಲ್ಲಲ್ಲ, ನಿಯತಕಾಲಿಕಗಳ ಲೇಖನಗಳಲ್ಲಿ. ಗ್ರಂಥಾಲಯದ ಸೂಚಿಯಲ್ಲಿ ನಿಯತಕಾಲಿಕದ ಹೆಸರು ಇರುತ್ತಿತ್ತೇ ಹೊರತು ಅದರೊಳಗಿನ ಲೇಖನಗಳ ಸುಳಿವಿರುತ್ತಿರಲಿಲ್ಲ. ಒಂದು ನೂರು ಪುಟದ ಸಂಚಿಕೆಯಲ್ಲಿ ತನಗೆ ಬೇಕಾದ ಆರು ಪುಟಗಳಿವೆಯೆಂದು ಸಂಶೋಧಕನಿಗೆ ತಿಳಿಯುವ ಬಗೆ ಹೇಗೆ? ಇಡೀ ಪುಸ್ತಕಕ್ಕೆ ಸಲ್ಲುವ ಗೌರವ ಆರು ಪುಟದ ಲೇಖನಕ್ಕೂ ಸಲ್ಲಬೇಕು, ಅದಕ್ಕೂ ಪ್ರತ್ಯೇಕ ವಿಷಯಸೂಚಿ ಬೇಕು ಎಂಬುದು ರಂಗನಾಥನ್ ಅವರ ನಿಲುವಾಗಿತ್ತು. 1952ರಲ್ಲಿ ಯುನೆಸ್ಕೋದ ನೆರವಿನಿಂದ ದೆಹಲಿಯಲ್ಲಿ ಇನ್ಸ್‌ಡಾಕ್ ಎಂಬ ವೈಜ್ಞಾನಿಕ ದಾಖಲಾತಿ ಕೇಂದ್ರ ಸ್ಥಾಪನೆಯಾಯಿತು. ಅದರ ಹಿಂದೆ ಅವರ ಪ್ರೇರಣೆಯಿತ್ತು. ಸಂಶೋಧಕರು ಕೇಳಿದ ಲೇಖನಗಳ ಪ್ರತಿಗಳನ್ನು ಒದಗಿಸುವ ಆ ಕೇಂದ್ರ, 1965ರಿಂದ ಭಾರತೀಯ ವಿಜ್ಞಾನ ಲೇಖನಗಳ ಸಾರಸಂಗ್ರಹವನ್ನೂ ಹೊರತರತೊಡಗಿತು. ಇಂದಿನ ದತ್ತಸಂಚಯಗಳು ಮಾಡುವ ಕೆಲಸವನ್ನು ಅಂದು ಕಾಗದದ ಮೇಲೆ ಮಾಡಲಾಗುತ್ತಿತ್ತು.

ಹೊರದೇಶಗಳಲ್ಲಿಯೂ ಅವರ ವಿಚಾರಗಳಿಗೆ ಮನ್ನಣೆ ದೊರೆಯಿತು. 1950ರಲ್ಲಿ ಆರಂಭವಾದ ಬ್ರಿಟಿಷ್ ರಾಷ್ಟ್ರೀಯ ಗ್ರಂಥಸೂಚಿಯು ಅವರ ಸರಣಿ ಸೂಚೀಕರಣ ಕ್ರಮವನ್ನು ಬಳಸಿತು. ಲಂಡನ್ನಿನ ವರ್ಗೀಕರಣ ಸಂಶೋಧಕರ ಬಳಗವು ವಿಷಯವನ್ನು ಮುಖಗಳನ್ನಾಗಿ ಬಿಡಿಸುವ ಅವರ ವಿಧಾನವೇ ಮಾಹಿತಿ ಹುಡುಕಾಟದ ಎಲ್ಲ ಪದ್ಧತಿಗಳಿಗೂ ಆಧಾರವಾಗಬೇಕೆಂದು 1955ರಲ್ಲಿ ಪ್ರತಿಪಾದಿಸಿತು. 1969ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಎಂಬ ಕೈಗಾರಿಕಾ ಸಂಸ್ಥೆಗಾಗಿ ಸಿದ್ಧವಾದ ಥೆಸಾರೋಫ್ಯಾಸೆಟ್ ಎಂಬ ಪದಕೋಶ ಇದೇ ವಿಧಾನವನ್ನು ಅನುಸರಿಸಿತ್ತು. ಕಾರ್ಖಾನೆಯ ಎಂಜಿನಿಯರುಗಳಿಗೂ ಲೇಖನ ಹುಡುಕಲು ರಂಗನಾಥನ್ ತೋರಿದ ದಾರಿ ಬೇಕಾಯಿತು.

ಬೆಂಗಳೂರಿನ ವರ್ಷಗಳು

1957ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ರಂಗನಾಥನ್ ಬೆಂಗಳೂರಿನಲ್ಲಿ ನೆಲೆಸಲು ನಿರ್ಧರಿಸಿದರು. ಅದಕ್ಕೆ ಹಿಂದಿನ ವರ್ಷವೇ ಅವರು ತಮ್ಮ ಜೀವಮಾನದ ಉಳಿತಾಯದಿಂದ 1 ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ದಾನವಾಗಿತ್ತು, ಪತ್ನಿ ಶಾರದಾ ಅವರ ಹೆಸರನ್ನೂ ಸೇರಿಸಿ ಗ್ರಂಥಾಲಯ ವಿಜ್ಞಾನದ ಪೀಠವೊಂದನ್ನು ಸ್ಥಾಪಿಸಿದ್ದರು. ತಾವು ನೊಂದು ಬಿಟ್ಟುಬಂದ ಸಂಸ್ಥೆಗೇ ಈ ದಾನವನ್ನು ನೀಡಿದರೆಂಬುದು ಗಮನಾರ್ಹ. 1961ರಲ್ಲಿ ಬೆಂಗಳೂರಿನಲ್ಲಿಯೂ ಶಾರದಾ ರಂಗನಾಥನ್ ದತ್ತಿಯನ್ನು ಆರಂಭಿಸಿದರು.

1962ರಲ್ಲಿ, ಪ್ರೊ. ಮಹಾಲನೋಬಿಸ್ ಅವರ ಬೆಂಬಲದಿಂದ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಬೆಂಗಳೂರಿನಲ್ಲಿ ಜನ್ಮತಾಳಿತು. ಡಿ.ಆರ್.ಟಿ.ಸಿ. ಎಂದು ಹೆಸರಾದ ಆ ಕೇಂದ್ರದಲ್ಲಿ ಎಪ್ಪತ್ತರ ಹರೆಯದ ಗೌರವ ಪ್ರಾಧ್ಯಾಪಕರು ತರುಣರಿಗೆ ಸರಿಸಮನಾಗಿ ದುಡಿದರು. ಅವರು ಬೆಂಗಳೂರಿನಲ್ಲಿದ್ದ ಕಾಲದಲ್ಲಿಯೇ, 1965ರಲ್ಲಿ, ಮೈಸೂರು ರಾಜ್ಯವು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯನ್ನು ಅಂಗೀಕರಿಸಿತು. ಕನ್ನಡ ನಾಡಿನ ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳು ಈ ಕಾಯಿದೆಯ ಫಲ. ಅದೇ ವರ್ಷ ಭಾರತ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ಗೌರವಿಸಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ಅವರು ಕೊನೆಯುಸಿರೆಳೆದರು. ಜನ್ಮಶತಮಾನೋತ್ಸವದ ಅಂಗವಾಗಿ 1992ರಲ್ಲಿ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಅವರ ದ್ವಿಬಿಂದು ಪದ್ಧತಿಯನ್ನು ಪೂರ್ಣವಾಗಿ ಅಳವಡಿಸಿಕೊಂಡ ಗ್ರಂಥಾಲಯಗಳು ಕಡಿಮೆಯೆಂಬುದು ನಿಜ. ಕಪಾಟಿನ ಮೇಲೆ ಗೆದ್ದದ್ದು ಡ್ಯೂಯಿಯ ಸಂಖ್ಯೆಗಳೇ. ಆದರೆ ಒಂದು ವಿಷಯವನ್ನು ಅದರ ಮುಖಗಳಾಗಿ ಬಿಡಿಸಿ ಮತ್ತೆ ಜೋಡಿಸಬೇಕೆಂಬ ವಿಚಾರವು, ಕಪಾಟುಗಳೇ ಇಲ್ಲದ ಗಣಕಯಂತ್ರದ ಗ್ರಂಥಾಲಯದಲ್ಲಿ ಹೊಸ ಬಾಳನ್ನು ಪಡೆಯಿತು. ದತ್ತಸಂಚಯದ ಪುಟದ ಬದಿಯಲ್ಲಿ ವಿಷಯ, ಸ್ಥಳ, ವರ್ಷ, ಬರಹದ ಬಗೆ ಎಂದು ಆರಿಸಿಕೊಳ್ಳಲು ಕಾಣುವ ಪಟ್ಟಿಗಳು ಆ ವಿಚಾರದ ವಂಶಕ್ಕೆ ಸೇರಿದವು.

ಮತ್ತೆ ರಾಂಜಣಗಾಂವಕ್ಕೆ

ಆರಂಭದಲ್ಲಿ ಹೇಳಿದ ವಿದ್ಯಾರ್ಥಿನಿಯ ಕಡೆಗೆ ಈಗ ಮರಳೋಣ. ರಂಗನಾಥನ್ ಪ್ರತಿ ವಿಷಯದಲ್ಲಿಯೂ ಐದು ಮೂಲಭೂತ ಅಂಶಗಳನ್ನು ಗುರುತಿಸಿದ್ದರು: ವಸ್ತುವಿನ ವ್ಯಕ್ತಿತ್ವ, ದ್ರವ್ಯ, ಕ್ರಿಯಾಶಕ್ತಿ, ಸ್ಥಳ ಮತ್ತು ಕಾಲ. ಆಕೆ ತನ್ನ ಪ್ರಶ್ನೆಯನ್ನು ಒಂದು ಹಾಳೆಯ ಮೇಲೆ ಹೀಗೆ ಬಿಡಿಸಿ ಬರೆಯಲಿ. ಯಾವುದರ ಬಗ್ಗೆ? ಕಾರ್ಖಾನೆಯ ತ್ಯಾಜ್ಯನೀರು. ಅದರಲ್ಲಿನ ಯಾವ ದ್ರವ್ಯ? ಭಾರಲೋಹಗಳು. ಯಾವ ಕ್ರಿಯೆ? ಶುದ್ಧೀಕರಣ. ಎಲ್ಲಿ? ಪುಣೆ ಜಿಲ್ಲೆ. ಯಾವ ಕಾಲ? 2015ರಿಂದ ಈಚೆಗೆ. ಸಾವಿರಾರು ಲೇಖನಗಳ ಗೊಂದಲ ಅರ್ಧಕ್ಕರ್ಧ ಇಲ್ಲಿಯೇ ತಿಳಿಯಾಗುತ್ತದೆ.

ಮುಂದಿನ ಹೆಜ್ಜೆಯಾಗಿ ಪ್ರತಿಯೊಂದು ಅಂಶಕ್ಕೂ ಸಮಾನಾರ್ಥಕ ಪದಗಳನ್ನು ಯೋಚಿಸಬೇಕು. ಒಬ್ಬ ಲೇಖಕ ವೇಸ್ಟ್‌ವಾಟರ್ ಎಂದು ಬರೆದುದನ್ನು ಇನ್ನೊಬ್ಬ ಎಫ್ಲುಯೆಂಟ್ ಎಂದು ಬರೆದಿರುತ್ತಾನೆ. ಸಮಾನಾರ್ಥಕಗಳ ನಡುವೆ ಆರ್ ಎಂಬ ಪದವನ್ನೂ, ಬೇರೆ ಬೇರೆ ಅಂಶಗಳ ನಡುವೆ ಆಂಡ್ ಎಂಬ ಪದವನ್ನೂ ಬಳಸಿದರೆ ದತ್ತಸಂಚಯವು ಆಕೆಯ ಪ್ರಶ್ನೆಯನ್ನು ಸರಿಯಾಗಿ ಗ್ರಹಿಸುತ್ತದೆ. ಮೊದಲನೆಯದು ಬಲೆಯನ್ನು ಹಿಗ್ಗಿಸುತ್ತದೆ, ಎರಡನೆಯದು ಕುಗ್ಗಿಸುತ್ತದೆ. ಊರಿನ ಹೆಸರಿಗೆ ಫಲ ಸಿಗದಿದ್ದರೆ ನಿರಾಶೆ ಬೇಡ. ರಾಂಜಣಗಾಂವದಿಂದ ಪುಣೆ ಜಿಲ್ಲೆಗೆ, ಅಲ್ಲಿಂದ ಮಹಾರಾಷ್ಟ್ರಕ್ಕೆ, ಅಲ್ಲಿಂದ ಭಾರತಕ್ಕೆ ಒಂದೊಂದೇ ಮೆಟ್ಟಿಲು ಏರಬೇಕು. ರಂಗನಾಥನ್ ಅವರ ಸರಣಿ ಸೂಚೀಕರಣದಲ್ಲಿಯೂ ಹೀಗೆ ಕಿರಿದರಿಂದ ಹಿರಿದಕ್ಕೆ ಕೊಂಡಿಗಳಿದ್ದವು. ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ ಅದಕ್ಕೆ ಕೊಟ್ಟಿರುವ ವಿಷಯಪದಗಳನ್ನೂ ಕೊನೆಯಲ್ಲಿರುವ ಗ್ರಂಥಋಣವನ್ನೂ ನೋಡಬೇಕು. ಮುಂದಿನ ಹತ್ತು ಲೇಖನಗಳಿಗೆ ಅವೇ ದಾರಿ.

ಇಂದು ನಮ್ಮ ಮಕ್ಕಳಿಗಿರುವ ಅನುಕೂಲಗಳೂ ಕಡಿಮೆಯೇನಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾದಲ್ಲಿ ಭಾರತೀಯ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಒಂದು ರಾಷ್ಟ್ರ ಒಂದು ಚಂದಾ ಯೋಜನೆಗೆ ಮೂರು ವರ್ಷಗಳಿಗಾಗಿ 6,000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಇದರ ವ್ಯಾಪ್ತಿಗೆ ಬರುತ್ತವೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಹಾಗೂ ಸಂಶೋಧನ ಸಂಸ್ಥೆಗಳಿಗಾಗಿ ರೂಪಿಸಿದ ಈ ಯೋಜನೆ 2025ರ ಜನವರಿಯಲ್ಲಿ ಆರಂಭವಾಯಿತು. ತಮ್ಮ ಕಾಲೇಜಿಗೆ ಯಾವ ಸೌಲಭ್ಯವಿದೆ, ಮನೆಯಿಂದ ಅದನ್ನು ತೆರೆಯುವುದು ಹೇಗೆ ಎಂಬುದನ್ನು ವಿದ್ಯಾರ್ಥಿಗಳು ಕಾಲೇಜಿನ ಗ್ರಂಥಪಾಲಕರನ್ನು ಸಂಕೋಚವಿಲ್ಲದೆ ಕೇಳಬೇಕು. ಹೀಗೆ ಕೇಳುವುದು ಸಣ್ಣತನವಲ್ಲ. ಓದುಗನ ಪ್ರಶ್ನೆಗೆ ಕಿವಿಗೊಡುವುದೇ ಗ್ರಂಥಪಾಲಕನ ಮೊದಲ ಕರ್ತವ್ಯವೆಂದು ರಂಗನಾಥನ್ ತಮ್ಮ ಶಿಷ್ಯರಿಗೆ ಕಲಿಸಿದ್ದರು.

ಓದುಗರಿಲ್ಲದ ಗ್ರಂಥಾಲಯದ ನಿಶ್ಶಬ್ದಕ್ಕೆ ಬೇಸತ್ತು ಓಡಿಹೋಗಬೇಕೆಂದಿದ್ದ ಮೂವತ್ತೊಂದು ವರ್ಷದ ಅಧ್ಯಾಪಕ, ಆ ನಿಶ್ಶಬ್ದವನ್ನು ತಾನೇ ಮುರಿಯಬೇಕೆಂದು ನಿಶ್ಚಯಿಸಿ ಉಳಿದರು. ಅವರ ಋಣವನ್ನು ತೀರಿಸಲು ದೊಡ್ಡ ಸಮಾರಂಭಗಳೇನೂ ಬೇಕಾಗಿಲ್ಲ. ನಮ್ಮ ಮನೆಯ ಮಕ್ಕಳು ಪ್ರಬಂಧದ ಕೆಲಸಕ್ಕೆ ಕುಳಿತಾಗ, ಹುಡುಕುವ ಮೊದಲು ಏನನ್ನು ಹುಡುಕುತ್ತಿದ್ದೇವೆಂದು ಐದು ಸಾಲುಗಳಲ್ಲಿ ಬರೆದುಕೊಳ್ಳುವಂತೆ ಹಿರಿಯರಾದ ನಾವು ಹೇಳಿಕೊಟ್ಟರೆ ಸಾಕು. ರಾಂಜಣಗಾಂವದ ಮನೆಯಿಂದಲೂ ಜಗತ್ತಿನ ಗ್ರಂಥಭಂಡಾರದ ಬಾಗಿಲು ಆಗ ತೆರೆಯುತ್ತದೆ.